ಎರಡು ಗುಂಡಿಗಳ ನಡುವೆ

ಬೆಳಗ್ಗೆ ಎದ್ದಾಗಿನಿಂದ ದುರ್ಗೇಶನ ಕಣ್ಣಿಗೆ ಬೀಳುತ್ತಿದ್ದುದೆಲ್ಲ ಜನರ ದಡ್ಡತನವೇ. ಬಚ್ಚಲ ಪಕ್ಕ ಇಟ್ಟಿದ್ದ ಬಟ್ಟೆ ಒಗೆಯುವ ಯಂತ್ರದ ಮೇಲೆ ಹೆಂಡತಿ ಯಶೋಧಾ ಮೂರು ಸ್ಟಿಕರ್ ಬೊಟ್ಟು ಅಂಟಿಸಿಕೊಂಡಿದ್ದಳು, ದಿನದ ಬಟ್ಟೆಗೆ ಕೆಂಪು, ಹಾಸಿಗೆಯ ಬಟ್ಟೆಗೆ ಕಪ್ಪು, ನಿಲ್ಲಿಸುವುದಕ್ಕೆ ಹಸಿರು. ಹದಿನಾರು ಬಗೆಯಲ್ಲಿ ಒಗೆಯಬಲ್ಲ ಯಂತ್ರ ತಂದುಕೊಟ್ಟರೆ ಅದರ ಹಣೆಗೆ ಬೊಟ್ಟಿಟ್ಟು ಮುತ್ತೈದೆ ಮಾಡಿ ಕೂರಿಸುವ ಜನ ಎಂದು ಹೋದ ದೀಪಾವಳಿಗೆ ಬಂದ ನೆಂಟರೆದುರು ಹೇಳಿ ನಗಿಸಿದ್ದ. ಯಶೋಧಾ ಕಾಫಿ ಲೋಟಗಳನ್ನು ಎತ್ತಿಕೊಳ್ಳುತ್ತ, ಉಳಿದ ಹದಿನಾಲ್ಕರಲ್ಲಿ ನೀವು ಯಾವುದನ್ನು ಹಾಕುತ್ತೀರಿ ಎಂದು ಕೇಳಿದ್ದಳು. ಆ ಯಂತ್ರವನ್ನು ಅವನು ಒಮ್ಮೆಯೂ ಮುಟ್ಟಿರಲಿಲ್ಲ. ನೆಂಟರು ಮತ್ತೊಮ್ಮೆ ನಕ್ಕರು, ಆದರೆ ಈ ನಗು ಬೇರೆ ಥರದ್ದು, ಲೋಟ ತೊಳೆಯುವ ಸದ್ದಿನ ಜೊತೆ ಅಡುಗೆಮನೆಯವರೆಗೂ ಹೋಗಿ ಬಂದ ನಗು. ಈಗ ಹಲ್ಲುಜ್ಜುತ್ತ ಆ ಬೊಟ್ಟುಗಳನ್ನು ನೋಡಿದಾಗ ಅದೇ ಕೇಳಿಸಿದಂತಾಗಿ ಹಸಿರು ಬೊಟ್ಟನ್ನು ಉಗುರಿನಿಂದ ಕೆರೆದು ತೆಗೆದ. ತೆಗೆದ ಮೇಲೆ ಅದನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ ಮತ್ತೆ ಅಲ್ಲೇ, ಸ್ವಲ್ಪ ಸೊಟ್ಟಗೆ, ಅಂಟಿಸಿದ.

ಜೇಬಿನಲ್ಲಿ ಒಂದು ಕಾಗದವಿತ್ತು. ಸಾಗರದ ಬಸ್‌ಸ್ಟ್ಯಾಂಡಿನ ಎದುರಿನ ಟೈಪಿಂಗ್ ಅಂಗಡಿಯವನು ಮೂರು ಸಲ ತಪ್ಪು ಹೊಡೆದು, ನಾಲ್ಕನೇ ಸಲಕ್ಕೆ ಸರಿಯಾಗಿ ಹೊಡೆದುಕೊಟ್ಟದ್ದು. 'ಸದರಿ ಯಂತ್ರದಲ್ಲಿ ಯಾವುದೇ ಲೋಪವಿರುವುದಿಲ್ಲ. ಕೆಲಸಗಾರರು ಸುರಕ್ಷತೆಗಾಗಿ ಇಟ್ಟಿರುವ ಎರಡು ಗುಂಡಿಗಳ ಪೈಕಿ ಒಂದನ್ನು ಉದ್ದೇಶಪೂರ್ವಕವಾಗಿ ಕಟ್ಟಿಹಾಕಿದ್ದು, ಅವಘಡಕ್ಕೆ ಅವರ ಅಜಾಗರೂಕತೆಯೇ ಕಾರಣವಾಗಿರುತ್ತದೆ.' ಓದಿದಷ್ಟೂ ಸತ್ಯವೇ ಅನ್ನಿಸುವ ವಾಕ್ಯಗಳು. ಹನ್ನೆರಡು ವರ್ಷದಿಂದ ದುರ್ಗೇಶ ಸಾಗರದ ಕೈಗಾರಿಕಾ ವಸಾಹತಿನಲ್ಲಿ ಶೆಡ್ಡು ಹಾಕಿಕೊಂಡು ಹಾಳೆತಟ್ಟೆ ಒತ್ತುವ ಯಂತ್ರ ಮಾಡುತ್ತಿದ್ದ. ನೆನೆಸಿದ ಅಡಿಕೆಹಾಳೆಯನ್ನು ಕೆಳಗಿನ ಅಚ್ಚಿನ ಮೇಲೆ ಹಾಸಿದರೆ ಮೇಲಿನ ಬಿಸಿ ಅಚ್ಚು ಇಳಿದು ಒತ್ತಿ, ಅಂಚು ಕತ್ತರಿಸಿ, ತಟ್ಟೆ ಮಾಡಿ ಬಿಡುತ್ತದೆ. ಹಿಂದಿನ ಯಂತ್ರಗಳನ್ನು ಕಾಲಿನಿಂದ ತುಳಿಯಬೇಕಿತ್ತು, ಕಾಲು ತುಳಿಯುವಾಗ ಕೈ ಎಲ್ಲಿದೆಯೆಂದು ಯಂತ್ರಕ್ಕೆ ಗೊತ್ತಿರುತ್ತಿರಲಿಲ್ಲ. ದುರ್ಗೇಶನ ಹೊಸ ಯಂತ್ರಕ್ಕೆ ಗೊತ್ತಿತ್ತು. ಎಡಕ್ಕೊಂದು ಬಲಕ್ಕೊಂದು ಗುಂಡಿ, ಎರಡನ್ನೂ ಒಟ್ಟಿಗೆ ಒತ್ತಿ ಹಿಡಿದರೆ ಮಾತ್ರ ಅಚ್ಚು ಇಳಿಯುವುದು. ಎರಡು ಕೈಯೂ ಗುಂಡಿಯ ಮೇಲಿದ್ದಾಗ ಮೂರನೆಯ ಕೈ ಅಚ್ಚಿನೊಳಗೆ ಹೋಗಲು ರಾವಣನೇ ಆಗಬೇಕು ಎಂದು ಗಿರಾಕಿಗಳಿಗೆ ಹೇಳುತ್ತಿದ್ದ. ಅರವತ್ತಮೂರು ಯಂತ್ರ ಹೋಗಿದ್ದವು. ಇಪ್ಪತ್ತು ದಿನದ ಹಿಂದೆ ಹೊಸನಗರದಾಚೆಯ ಒಂದು ಶೆಡ್ಡಿನಲ್ಲಿ ಸುಚಿತ್ರಾ ಎಂಬ ಹೆಂಗಸಿನ ಎಡಗೈಯ ಎರಡು ಬೆರಳು ನಡುಗಂಟಿನಿಂದ ಹೋದವು. ಶೆಡ್ಡಿನ ಯಜಮಾನ ಸಂದೇಶ್ ಫೋನಿನಲ್ಲಿ ಕಳಿಸಿದ ಚಿತ್ರದಲ್ಲಿ ಎಡಗುಂಡಿ ಸದಾ ಒತ್ತಿಕೊಂಡೇ ಇರುವಂತೆ ಅದರ ಸುತ್ತ ಸೈಕಲ್ ಟ್ಯೂಬಿನ ಪಟ್ಟಿ ಬಿಗಿದು ಕಟ್ಟಿದ್ದು ಸ್ಪಷ್ಟವಾಗಿ ಕಾಣುತ್ತಿತ್ತು. ಆ ಚಿತ್ರ ನೋಡಿದಾಗ ದುರ್ಗೇಶನಿಗೆ ಮೊದಲು ಆದದ್ದು ಸಮಾಧಾನ, ಆಮೇಲೆ ಸಿಟ್ಟು. ಬೆರಳಿನ ಯೋಚನೆ ಬಂದದ್ದು ಅದಾದ ಮೇಲೆ, ಊಟಕ್ಕೆ ಕೂತಾಗ, ಅನ್ನ ಕಲಸುವ ತನ್ನ ಬೆರಳುಗಳನ್ನು ನೋಡಿ.

ಕಾರಿನಲ್ಲಿ ಹೊಸನಗರಕ್ಕೆ ಹೊರಟವನು ಬಟ್ಟೆಮಲ್ಲಪ್ಪ ಎಂಬ ಊರು ದಾಟುವಾಗ ಬಿಸಿಲು ಏರಿತ್ತು. ರಸ್ತೆ ಬದಿಯ ಗಿಡಗಳೆಲ್ಲ ಕೆಂಪು ಧೂಳು ಮೆತ್ತಿಕೊಂಡು ಒಂದೇ ಬಣ್ಣವಾಗಿದ್ದವು. ಟ್ಯೂಬ್ ಕಟ್ಟುತ್ತಾರಂತೆ, ಟ್ಯೂಬ್. ಇವರಿಗೆ ರಾಕೆಟ್ ಕೊಟ್ಟರೂ ಬಾಳೆನಾರಿನಲ್ಲಿ ಬಿಗಿದು ಹಾರಿಸುತ್ತಾರೆ. ಮೂರು ವರ್ಷದ ಹಿಂದೆ ಶಿವಮೊಗ್ಗದ ಒಂದು ಎಂಜಿನಿಯರಿಂಗ್ ಕಾಲೇಜಿನವರು ಗ್ರಾಮೀಣ ಉದ್ಯಮಿ ಎಂದು ಅವನನ್ನು ವೇದಿಕೆಗೆ ಕರೆದಿದ್ದರು. ಅಲ್ಲಿ ಸಮೀಕ್ಷಾ ಎಂಬ ಹುಡುಗಿ, ಇಪ್ಪತ್ತೈದರ ಒಳಗಿನವಳು, ಯಂತ್ರಗಳನ್ನು ಬಳಸುವವರ ಮೈಕಟ್ಟಿಗೆ ಹೊಂದುವಂತೆ ಮಾಡುವುದು ಹೇಗೆ ಎಂದು ಪರದೆಯ ಮೇಲೆ ಚಿತ್ರ ತೋರಿಸಿ ಮಾತಾಡಿದಳು, ಕುರ್ಚಿಯ ಎತ್ತರ, ಕೈಯ ಅಳತೆ, ಕತ್ತಿನ ನೋವು. ಕೊನೆಗೆ ಇವನ ಕಡೆ ತಿರುಗಿ, ನಿಮ್ಮ ಯಂತ್ರ ಮಾಡುವ ಮೊದಲು ಅದರಲ್ಲಿ ಕೆಲಸ ಮಾಡುವ ಹೆಂಗಸರನ್ನು ಕೇಳಿದ್ದಿರಾ ಸಾರ್ ಎಂದು ಕೇಳಿದಳು. ಕೇಳಿದ ರೀತಿಯಲ್ಲಿ ಕೊಂಕಿರಲಿಲ್ಲ. ಆದರೆ ಡಿಪ್ಲೊಮಾ ಓದಿದವನನ್ನು ಬಿ.ಇ. ಓದಿದ ಹುಡುಗಿ ಮುನ್ನೂರು ಜನರೆದುರು ಪ್ರಶ್ನೆ ಕೇಳುವುದೇ ಒಂದು ಕೊಂಕು. ದುರ್ಗೇಶ ಮೈಕನ್ನು ಬಾಯಿಯ ಹತ್ತಿರ ತಂದು, "ಎತ್ತನ್ನ ಕೇಳಿ ಯಾರಾದ್ರೂ ನೊಗ ಮಾಡ್ತಾರಾ ಮೇಡಂ?" ಎಂದಿದ್ದ. ಇಡೀ ಸಭಾಂಗಣ ಚಪ್ಪಾಳೆ ತಟ್ಟಿ ನಕ್ಕಿತು. ಹುಡುಗಿ ಏನನ್ನೋ ಹೇಳಿದಳು, ನಗುವಿನಲ್ಲಿ ಕೇಳಿಸಲಿಲ್ಲ. ಊಟದ ಸಾಲಿನಲ್ಲಿ ಅವನ ಹಿಂದೆಯೇ ನಿಂತಿದ್ದವಳು ಅವನಿಗೆ ತಟ್ಟೆ ಎತ್ತಿಕೊಟ್ಟಳು, ಹಾಳೆತಟ್ಟೆಯೇ ಅದು. ಆಗ ಏನೋ ಚುಚ್ಚಿದಂತಾಗಿತ್ತು. ಹುಡುಗಿಯ ಬಗೆಗಿನ ಮರುಕವಿರಬೇಕು ಅಂದುಕೊಂಡಿದ್ದ.

ಹೊಸನಗರದ ಬಸ್‌ಸ್ಟ್ಯಾಂಡಿನಲ್ಲಿ ಕಾರ್ಮಿಕ ಇಲಾಖೆಯ ಅಧಿಕಾರಿ ನಾಗರಾಜಪ್ಪ ಕಾಯುತ್ತಿದ್ದರು. ತನಿಖೆಗೆ ಶಿವಮೊಗ್ಗದಿಂದ ಬಂದವರು. ಐವತ್ತೈದರ ಆಸುಪಾಸು, ಒಂದು ಕೈಯಲ್ಲಿ ಫೈಲು, ಇನ್ನೊಂದರಲ್ಲಿ ಸಕ್ಕರೆ ಕಾಯಿಲೆಯವರ ಬಿಸ್ಕತ್ತಿನ ಪೊಟ್ಟಣ. ಅವರು ಕಾರಿನಲ್ಲಿ ಕೂತು ಹತ್ತು ಮಾರು ಹೋಗುವಷ್ಟರಲ್ಲಿ ಬೆಲ್ಟು ಹಾಕಿಲ್ಲವೆಂದು ಕಾರು ಕೂಗತೊಡಗಿತು. ಬೆಲ್ಟು ಹಾಕಿದರೆ ಹೊಟ್ಟೆ ಹಿಡಿಯುತ್ತದೆ ಎಂದರು ನಾಗರಾಜಪ್ಪ. ದುರ್ಗೇಶ ಸ್ಟೇರಿಂಗಿನ ಪಕ್ಕದ ಗೂಡಿನಿಂದ ಬೆಲ್ಟಿಲ್ಲದ ಬರೀ ಕೊಕ್ಕೆಯೊಂದನ್ನು ತೆಗೆದುಕೊಟ್ಟು, ಇದನ್ನು ಸಿಕ್ಕಿಸಿ ಸಾರ್, ಸುಮ್ಮನಾಗುತ್ತದೆ ಎಂದ. ಸುಮ್ಮನಾಯಿತು. ಅವನ ಸೀಟಿನಲ್ಲೂ ಅಂಥದೇ ಒಂದು ಇತ್ತು. ನಾಗರಾಜಪ್ಪ ಮೆಚ್ಚಿಕೊಂಡು, ಇದು ಎಲ್ಲಿ ಸಿಗುತ್ತದೆಂದು ವಿಚಾರಿಸಿದರು. ಮಾಸ್ತಿಕಟ್ಟೆ ರಸ್ತೆಯುದ್ದಕ್ಕೂ ಅವರು ತಮ್ಮ ಇಲಾಖೆಯ ಹೊಸ ಆ್ಯಪ್ ಬಗ್ಗೆ ಗೋಳು ಹೇಳಿಕೊಂಡರು. ಮೊದಲಾದರೆ ಕಾಗದದ ಮೇಲೆ ಏನು ಬೇಕಾದರೂ ಬರೆಯಬಹುದಿತ್ತು, ಈಗ ಸ್ಥಳದಲ್ಲೇ ನಿಂತು ಚಿತ್ರ ತೆಗೆದು ಹಾಕದಿದ್ದರೆ ಮುಂದಿನ ಪುಟವೇ ತೆರೆಯುವುದಿಲ್ಲ, ಸಿಗ್ನಲ್ ಇಲ್ಲದ ಊರಲ್ಲಿ ಏನು ಮಾಡಬೇಕೆಂದು ಇದನ್ನು ಮಾಡಿದ ಮುಟ್ಠಾಳರು ಯೋಚಿಸಿಯೇ ಇಲ್ಲ. ದುರ್ಗೇಶ ಹೂಂಗುಟ್ಟಿದ. ಒಳಗೊಳಗೆ, ಬಳಸಲು ಬಾರದವರೆಲ್ಲ ಮಾಡಿದವರನ್ನೇ ಬೈಯುತ್ತಾರೆ ಅಂದುಕೊಂಡ.

ಶೆಡ್ಡು ಹಿಂದೆ ಅಕ್ಕಿಗಿರಣಿಯಾಗಿದ್ದದ್ದು. ಸಂದೇಶ್ ಬಾಗಿಲಿಗೇ ಬಂದು, ಬನ್ನಿ ದುರ್ಗೇಶಣ್ಣ, ಬನ್ನಿ ಸಾರ್ ಎಂದು ಒಳಗೆ ಕರೆದೊಯ್ದ. ತೋಟದ ಮನೆತನದ ಹುಡುಗ, ಬ್ಯಾಂಕಿನ ಕೆಲಸ ಬಿಟ್ಟು ಇದಕ್ಕೆ ಕೈಹಾಕಿದವನು, ಇಪ್ಪತ್ತು ದಿನದಲ್ಲಿ ಮುಖ ಇಳಿದುಹೋಗಿತ್ತು. ಒಳಗೆ ನೆನೆಸಿದ ಹಾಳೆಯ ಹುಳಿವಾಸನೆ. ಗೋಡೆಯ ಕಡೆ ಎರಡು ಹಳೆಯ ಕಾಲ್ತುಳಿತದ ಯಂತ್ರಗಳು, ನಡುವೆ ದುರ್ಗೇಶನ ನೀಲಿ ಬಣ್ಣದ ಯಂತ್ರ, ಅದರ ಸುತ್ತ ಕೈಕಟ್ಟಿ ನಿಂತ ಹತ್ತು ಹೆಂಗಸರು. ತನ್ನ ಯಂತ್ರವನ್ನು ಬೇರೆಯವರ ಜಾಗದಲ್ಲಿ ನೋಡುವುದು ಅವನಿಗೆ ಯಾವತ್ತೂ ಸಂಕಟದ ಕೆಲಸ, ಮದುವೆ ಮಾಡಿಕೊಟ್ಟ ಮಗಳ ಮನೆಗೆ ಹೋದ ಹಾಗೆ. ಚೌಕಟ್ಟಿಗೆ ಯಾರೋ ಹಳೆಯ ಗೋಣಿಚೀಲ ಸುತ್ತಿದ್ದರು. ಬುಡದಲ್ಲಿ ಟೊಮೆಟೊ ತುಂಬುವ ಪ್ಲಾಸ್ಟಿಕ್ ಪೆಟ್ಟಿಗೆಯೊಂದನ್ನು ಬೋರಲು ಹಾಕಿದ್ದರು. ಎಡಗುಂಡಿಯ ಮೇಲೆ ಟ್ಯೂಬಿನ ಪಟ್ಟಿ ಹಾಗೇ ಇತ್ತು, ಅದನ್ನು ತೆಗೆಯಬಾರದೆಂದು ಅವನೇ ಫೋನಿನಲ್ಲಿ ಹೇಳಿದ್ದ. ಉಳಿದ ಕಸವನ್ನೆಲ್ಲ ತೆಗೆಸು, ಸಾಹೇಬರು ಚಿತ್ರ ತೆಗೆಯಬೇಕು ಎಂದು ಸಂದೇಶನಿಗೆ ಹೇಳಿದ. ಸಂದೇಶ್ ಗೋಣಿಚೀಲ ಬಿಚ್ಚಿ, ಪೆಟ್ಟಿಗೆಯನ್ನು ಕಾಲಿನಿಂದ ಮೂಲೆಗೆ ತಳ್ಳಿದ. ಹೆಂಗಸರ ಸಾಲಿನಲ್ಲಿ ಏನೋ ಗುಜುಗುಜು ಎದ್ದು ನಿಂತಿತು.

ಸುಚಿತ್ರಾಳನ್ನು ಕರೆದರು. ಬಿಳಿ ಬಟ್ಟೆ ಸುತ್ತಿದ ಎಡಗೈಯನ್ನು ಎದೆಗೆ ಒತ್ತಿ ಹಿಡಿದು ಬಂದಳು, ಇಪ್ಪತ್ತೆಂಟು ಮೂವತ್ತರ, ಸಣಕಲು ಹೆಂಗಸು, ಅವನ ಎದೆಯಷ್ಟು ಎತ್ತರ. ಅವಳು ಅಳುತ್ತಾಳೆ, ಜಗಳಕ್ಕೆ ನಿಲ್ಲುತ್ತಾಳೆ, ಜೊತೆಗೆ ಯಾರಾದರೂ ಪುಢಾರಿಯನ್ನು ಕರೆತಂದಿರುತ್ತಾಳೆ ಎಂದೆಲ್ಲ ಸಿದ್ಧನಾಗಿ ಬಂದಿದ್ದ. ನಾಗರಾಜಪ್ಪ ಹೆಸರು, ಊರು, ಗಂಡನ ಹೆಸರು ಬರೆದುಕೊಂಡು, ಹೇಗಾಯಿತಮ್ಮ ಎಂದು ಕೇಳಿದರು.

"ನಂದೇ ತಪ್ಪು ಅಂತ ಬರ್ಕಳಿ ಸಾರ್," ಅಂದಳು. "ಟ್ಯೂಬ್ ಕಟ್ಟಿದ್ದು ನಾನೇ."

ರಕ್ಷಣೆಗೆ ಇಟ್ಟದ್ದನ್ನು ಬೇಕೆಂದೇ ತೆಗೆದರೆ ಪರಿಹಾರ ಸಿಗುವುದು ಕಷ್ಟವಮ್ಮ, ಗೊತ್ತಾ ಎಂದರು ನಾಗರಾಜಪ್ಪ, ಪೆನ್ನು ಎತ್ತಿ ಹಿಡಿದು. ಗೊತ್ತು ಎಂದು ತಲೆಯಾಡಿಸಿದಳು. ಅಷ್ಟಕ್ಕೇ ಮುಗಿಯಬೇಕಿತ್ತು. ಜೇಬಿನ ಕಾಗದ ತೆಗೆದು ಕೊಟ್ಟು ಮಧ್ಯಾಹ್ನದ ಊಟಕ್ಕೆ ಸಾಗರ ಸೇರಬಹುದಿತ್ತು. ಆದರೆ ಇಷ್ಟು ಸುಲಭವಾಗಿ ಗೆದ್ದದ್ದು ದುರ್ಗೇಶನಿಗೆ ಯಾಕೋ ಅವಮಾನದಂತೆ ತೋರಿತು, ಎದುರಾಳಿ ಆಟಕ್ಕೆ ಬಾರದೆ ಕಾಯಿಗಳನ್ನೆಲ್ಲ ಇವನ ಕಡೆ ನೂಕಿ ಎದ್ದುಹೋದಂತೆ. ತಪ್ಪೊಪ್ಪಿಕೊಂಡರೆ ಸಾಲದು, ಅವಳಿಗೆ ತನ್ನ ದಡ್ಡತನ ಅರ್ಥವೂ ಆಗಬೇಕು ಅನ್ನಿಸಿತು.

"ದೇವ್ರು ಎರಡು ಕೈ ಕೊಟ್ಟಿರೋವಾಗ ಒಂದು ಬಟನ್ ಯಾಕಮ್ಮ ಕಟ್ಟಿ ಹಾಕಿದ್ದು?" ಎಂದ. ಮೇಷ್ಟರು ಲೆಕ್ಕ ತಪ್ಪಿದವರನ್ನು ಹಲಗೆಯ ಹತ್ತಿರ ಕರೆಯುವ ದನಿ ತನ್ನದೆಂದು ಅವನಿಗೇ ಕೇಳಿಸಿತು. "ನಿಂತು ತೋರಿಸು ನೋಡೋಣ, ಹೆಂಗೆ ಕೆಲ್ಸ ಮಾಡ್ತಿದ್ದಿ ಅಂತ."

ಅವಳು ಯಂತ್ರದ ಬುಡ ನೋಡಿದಳು, ಮೂಲೆ ನೋಡಿದಳು. ಸಾಲಿನಲ್ಲಿದ್ದ ಎಲ್ಲರಿಗಿಂತ ಹಿರಿಯ ಹೆಂಗಸು, ಕೆರಿಯಮ್ಮ ಎಂದು ಆಮೇಲೆ ಗೊತ್ತಾಯಿತು, ಅರವತ್ತು ದಾಟಿದವಳು, ಬಾಯಲ್ಲಿದ್ದ ಎಲೆಯಡಿಕೆಯನ್ನು ದವಡೆಗೆ ಸರಿಸಿ, "ಪೆಟ್ಟಿಗೆ ಮೂಲೆಗೆ ಹಾಕಿದ್ರೆ ಅವ್ಳು ಎಂತದ್ರ ಮೇಲೆ ನಿಂತು ತೋರಿಸ್ತಾಳೆ ತಮ್ಮ?" ಎಂದಳು. ಪೆಟ್ಟಿಗೆ ಬೇಡ, ನೆಲದ ಮೇಲೆ ನಿಂತೇ ತೋರಿಸಲಿ ಎಂದ ದುರ್ಗೇಶ. ಸುಚಿತ್ರಾ ಯಂತ್ರದ ಮುಂದೆ ನಿಂತಳು. ಎರಡೂ ಕೈ ಅಗಲಿಸಿದಳು. ನೆನೆದ ಹಾಳೆಯ ನೀರು ಇಳಿಯಲು ಮುಂದೆ ಚಾಚಿದ್ದ ತಟ್ಟೆಯನ್ನು ದಾಟಿ, ಚೌಕಟ್ಟಿನ ಎರಡು ಕಂಬಗಳ ಹೊರಮಗ್ಗುಲಲ್ಲಿ ಇದ್ದವು ಗುಂಡಿಗಳು. ಬಲಗೈಯ ಬೆರಳು ಬಲಗುಂಡಿಯನ್ನು ಮುಟ್ಟಿದಾಗ ಎಡಗೈ ಗಾಳಿಯಲ್ಲಿ ಉಳಿಯಿತು. ಎಡಕ್ಕೆ ವಾಲಿದಳು, ಈಗ ಬಲಗೈ ಕಳಚಿತು. ಎರಡನ್ನೂ ಮುಟ್ಟಲು ಅವಳು ಮುಂದಕ್ಕೆ ಬಾಗಬೇಕು, ಬಾಗಿದರೆ ಎದೆ ಕಬ್ಬಿಣದ ಚೌಕಟ್ಟಿಗೆ ಒತ್ತಬೇಕು. ಒತ್ತಿದಳು. ಕೆನ್ನೆಯನ್ನು ಪಕ್ಕಕ್ಕೆ ತಿರುಗಿಸಿ, ಕಾಲ್ಬೆರಳ ಮೇಲೆ ನಿಂತು, ಬಾಗಿಲಿಗೆ ಅಂಟಿಸಿದ ಕಾಗದದ ಹಾಗೆ. ಆಗಲೂ ಬಿಳಿ ಬಟ್ಟೆಯ ಕೈ ಗುಂಡಿಯಿಂದ ಒಂದು ಗೇಣು ದೂರವೇ ಇತ್ತು. ಯಂತ್ರ ಓಡುವಾಗ ಆ ಚೌಕಟ್ಟು ಎಷ್ಟು ಬಿಸಿಯಾಗುತ್ತದೆಂದು ದುರ್ಗೇಶನಿಗೆ ಗೊತ್ತಿತ್ತು. ಗೋಣಿಚೀಲ ಯಾಕಿತ್ತೆಂದು ಈಗ ಗೊತ್ತಾಯಿತು.

ಬೆರಳು ಹೋದದ್ದರಿಂದ ಮುಟ್ಟುತ್ತಿಲ್ಲ ಎಂದು ಅವನ ಬುದ್ಧಿ ತಕ್ಷಣ ಒಂದು ಕಾರಣ ಹುಡುಕಿಕೊಟ್ಟಿತು. ಬೆರಳಿರುವವರು ಬನ್ನಿ ಎಂದ. ಬಂದರು, ಒಬ್ಬೊಬ್ಬರಾಗಿ, ನಾಚುತ್ತ, ಒಬ್ಬರನ್ನೊಬ್ಬರು ಮುಂದಕ್ಕೆ ನೂಕುತ್ತ. ಒಬ್ಬೊಬ್ಬರೂ ಚೌಕಟ್ಟಿಗೆ ಎದೆಯೊತ್ತಿ ಕೈಚಾಚಿದರು, ಒಬ್ಬೊಬ್ಬರ ಎಡಗೈಯೂ ಗಾಳಿಯಲ್ಲಿ ಬೆರಳಾಡಿಸಿತು. ಎಲ್ಲರಿಗಿಂತ ಎತ್ತರದ ಒಬ್ಬಳಿಗೆ ಮಾತ್ರ ಎರಡೂ ಎಟುಕಿದವು, ಅದೂ ಬೆರಳತುದಿಗೆ, ಒತ್ತಿ ಹಿಡಿಯುವಷ್ಟಲ್ಲ. ದಿನಕ್ಕೆ ಒಬ್ಬಳು ಎಷ್ಟು ತಟ್ಟೆ ತೆಗೆಯುತ್ತಾಳೆಂದು ಸಂದೇಶನನ್ನು ಕೇಳಿದ. ಆರುನೂರು ಎಂದ ಸಂದೇಶ್, ನೆಲ ನೋಡುತ್ತ. ದುರ್ಗೇಶ ಯಂತ್ರ ಮುಗಿದಾಗ ಪರೀಕ್ಷೆಗೆಂದು ತೆಗೆದದ್ದು ಹತ್ತು.

ನಾಗರಾಜಪ್ಪ ಫೋನಿನಲ್ಲಿ ಚಿತ್ರ ತೆಗೆದು, ಅದು ಹೋಗದೆ, ಸಿಗ್ನಲ್ ಹುಡುಕುತ್ತ ಫೋನನ್ನು ಆಕಾಶಕ್ಕೆ ಹಿಡಿದುಕೊಂಡು ಅಂಗಳಕ್ಕೆ ಹೋಗಿದ್ದರು. ದುರ್ಗೇಶ ತನ್ನ ಯಂತ್ರದ ಮುಂದೆ ತಾನು ನಿಂತ. ಕೈಗಳು ತಾವಾಗಿಯೇ ಹೋಗಿ ಎರಡು ಗುಂಡಿಗಳ ಮೇಲೆ ಕೂತವು, ಎದೆಗೂ ಚೌಕಟ್ಟಿಗೂ ನಡುವೆ ಧಾರಾಳ ಜಾಗ. ದರ್ಜಿ ಹೊಲಿದುಕೊಟ್ಟ ಅಂಗಿ ತೊಟ್ಟಂತೆ. ಹೌದಲ್ಲ, ಹೊಲಿಸಿಕೊಂಡದ್ದೇ ಹಾಗೆ. ಬೆಸುಗೆಯ ಮಂಜಯ್ಯ, ಎಲ್ಲಿಡಲಿ ಸಾರ್ ಈ ಬಟನ್ನು ಎಂದು ಕೇಳಿದಾಗ ಬರಿಯ ಚೌಕಟ್ಟಿನೆದುರು ದುರ್ಗೇಶ ಕೈ ಅಗಲಿಸಿ ನಿಂತಿದ್ದ, ಮಂಜಯ್ಯ ಸೀಮೆಸುಣ್ಣದಲ್ಲಿ ಎರಡು ಗುರುತು ಹಾಕಿದ್ದ, ಇಷ್ಟೇ. ಐದಡಿ ಹತ್ತಂಗುಲದ ಗಂಡಸು ಗಾಳಿಯನ್ನು ತಬ್ಬಿಕೊಂಡಷ್ಟು ಅಗಲ. ಅದನ್ನೇ ಅರವತ್ತಮೂರು ಸಲ ಕತ್ತರಿಸಿ, ಬೆಸೆದು, ನೀಲಿ ಬಣ್ಣ ಹೊಡೆದು ಕಳಿಸಿದ್ದ. ಯಂತ್ರದ ಮುಂದೆ ನಿಲ್ಲುವವರು ಹೆಂಗಸರೆಂದು ಗೊತ್ತಿರಲಿಲ್ಲವೇ. ಗೊತ್ತಿತ್ತು. ಕಾಗದದ ಮೇಲಿನ ಬಣ್ಣದ ಜಾಹೀರಾತಿನಲ್ಲಿ ಅವನು ಹಾಕಿಸಿದ್ದು ಸೀರೆಯುಟ್ಟು ನಗುವ ಹೆಂಗಸಿನ ಚಿತ್ರವನ್ನೇ.

ಆಗ ನೆನಪಾದದ್ದು ಅಪ್ಪ. ನೆನಪಾಗಬಾರದೆಂದು ಮೂರು ವರ್ಷದಿಂದ ಅದುಮಿಟ್ಟಿದ್ದ ಅಪ್ಪ, ಕವಲೇದುರ್ಗದ ಕೆಳಗಿನ ಗದ್ದೆಯಲ್ಲಿ ಹುರಿಹಗ್ಗ ಹಿಡಿದು ನಿಂತವನು. ನೊಗ ಹಳೆಯದಾದಾಗ ಅಪ್ಪ ಆಚಾರಿಯನ್ನು ಮನೆಗೇ ಕರೆಸುತ್ತಿದ್ದ. ಆಚಾರಿ ಮರ ಮುಟ್ಟುವ ಮೊದಲು ಕೊಟ್ಟಿಗೆಗೆ ಹೋಗಿ ಎರಡೂ ಎತ್ತಿನ ಹೆಗಲು ಸವರಿ ನೋಡುತ್ತಿದ್ದ, ಬಾವು ಎಲ್ಲಿದೆ, ಗಂಟು ಎಲ್ಲಿದೆ, ಎಡದ್ದು ಎಷ್ಟು ಗಿಡ್ಡ. ಹಗ್ಗದಲ್ಲಿ ಕತ್ತಿನ ಸುತ್ತಳತೆ ತೆಗೆದು ಗಂಟು ಹಾಕಿಕೊಳ್ಳುತ್ತಿದ್ದ. ನೊಗ ಸಿದ್ಧವಾದ ಮೇಲೆ ಅಪ್ಪ ಎತ್ತಿಗೆ ಹೂಡಿ, ನಾಲ್ಕು ಹೆಜ್ಜೆ ನಡೆಸಿ, ಅದು ತಲೆ ಕೊಡವಿದರೆ ಬಿಚ್ಚಿ ಮತ್ತೆ ಕೆತ್ತಿಸುತ್ತಿದ್ದ. ಎತ್ತನ್ನು ಕೇಳಿಯೇ ನೊಗ ಮಾಡುತ್ತಿದ್ದರು. ಮುನ್ನೂರು ಜನರೆದುರು ಆ ಮಾತು ಬಾಯಿಂದ ಹೊರಬೀಳುವಾಗಲೇ ಅದು ಸುಳ್ಳೆಂದು ಅವನಿಗೆ ಗೊತ್ತಿತ್ತು, ಚಪ್ಪಾಳೆಯ ಸದ್ದಿನಲ್ಲಿ ಅಪ್ಪ ಹಗ್ಗ ಹಿಡಿದು ಸುಮ್ಮನೆ ನಿಂತದ್ದು ಕಂಡಿತ್ತು. ಊಟದ ಸಾಲಿನಲ್ಲಿ ಚುಚ್ಚಿದ್ದು ಮರುಕವಲ್ಲ.

ನಾಗರಾಜಪ್ಪ ಒಳಗೆ ಬಂದು, ಚಿತ್ರ ಹೋಯಿತು, ಇನ್ನೊಂದೇ ಪುಟ, ನಿಮ್ಮ ಕಾಗದ ಕೊಡಿ ಎಂದರು. ದುರ್ಗೇಶ ಕೊಡಲಿಲ್ಲ. ಗುಂಡಿಗಳು ಕೈಗೆ ಎಟುಕುವುದಿಲ್ಲ ಸಾರ್, ನನ್ನ ಕೈಯಳತೆಗೆ ಇಟ್ಟುಬಿಟ್ಟಿದ್ದೇನೆ, ಇಲ್ಲಿ ಯಾರಿಗೂ ಎಟುಕುವುದಿಲ್ಲ ಎಂದ. ದೊಡ್ಡದೇನೋ ಆಗಬಹುದೆಂದು, ಶೆಡ್ಡಿನಲ್ಲಿ ಮೌನ ಕವಿಯಬಹುದೆಂದು ನಿರೀಕ್ಷಿಸಿದ್ದ. ನಾಗರಾಜಪ್ಪ ಕನ್ನಡಕ ಮೇಲೆತ್ತಿ ಫೋನಿನ ಪರದೆ ತೋರಿಸಿದರು. ಅಲ್ಲಿ ಒಂದನ್ನು ಆರಿಸಲು ಎರಡು ಮನೆಗಳಿದ್ದವು: 'ಯಂತ್ರದ ಕೆಡುಕು', 'ಕೆಲಸಗಾರರ ತಪ್ಪು'. ಯಂತ್ರ ಕೆಟ್ಟಿಲ್ಲವಲ್ಲ ಎಂದರು. ಕೆಟ್ಟಿಲ್ಲ. ಹಾಗಾದರೆ ಇದು ಎಂದು ಅವರ ಬೆರಳು ಎರಡನೆಯ ಮನೆಗೆ ಹೋಯಿತು. ಇದೂ ಅಲ್ಲ ಸಾರ್ ಎಂದ ದುರ್ಗೇಶ. "ಎರಡೂ ಅಲ್ಲ ಅಂದ್ರೆ ಇದು ಮುಂದಕ್ಕೆ ಹೋಗಲ್ಲ ಸ್ವಾಮಿ," ಎಂದರು ನಾಗರಾಜಪ್ಪ, ನಿಜವಾದ ದುಃಖದಿಂದ. ಯಂತ್ರದ ಕೆಡುಕು ಎಂದು ಒತ್ತಿದರೆ ಶೆಡ್ಡಿಗೆ ಬೀಗ ಹಾಕಿಸಬೇಕಾಗಬಹುದು, ಯೋಚನೆ ಮಾಡಿ ಎಂದು ಹೇಳಿ, ಸಂದೇಶ್ ತರಿಸಿದ ಚಹಾ ಕುಡಿಯಲು ಕೂತರು.

ನೀರಿನ ತೊಟ್ಟಿಯ ಹತ್ತಿರ ಸುಚಿತ್ರಾ ಅವನಿಗೆ ಅಡ್ಡ ನಿಂತಳು. ಇಷ್ಟು ಹೊತ್ತು ನೆಲ ನೋಡುತ್ತಿದ್ದವಳು ಈಗ ನೇರ ಮುಖ ನೋಡಿದಳು. ಆ ನೋಟದಲ್ಲಿ ಬೇಡಿಕೆಯಿರಲಿಲ್ಲ. ಒಂದು ಬಗೆಯ ತಾತ್ಸಾರವಿತ್ತು, ದುರ್ಗೇಶನ ಮುಖದ ಮೇಲೆ ಸದಾ ಇರುವಂಥದು, ಬೇರೆಯವರ ಮುಖದಲ್ಲಿ ಅವನು ಅದನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ.

"ನಂದೇ ತಪ್ಪು ಅಂತ ನಾನು ಸುಮ್ನೆ ಹೇಳಿದ್ದಲ್ಲ ಸಾರ್," ಎಂದಳು. "ನಿಮ್ದು ತಪ್ಪು ಅಂತ ಬರ್ಸಿದ್ರೆ ನಿಮ್ಗೆ ಸಮಾಧಾನ ಆಗ್ತದೆ, ಮನಿಗೆ ಹೋಗಿ ಊಟ ಮಾಡ್ತೀರಿ. ಇಲ್ಲಿ ಬೀಗ ಬಿದ್ರೆ ಇವ್ರೆಲ್ಲ ಎಲ್ಲಿಗೆ ಹೋಗದು? ನಿಮ್ ತಪ್ಪು ತಗಂಡು ನಾನೆಂತ ಮಾಡ್ಲಿ. ಕೈಗೆ ಸಿಗೋ ಹಂಗೆ ಬಟನ್ ಇಟ್ಕೊಡಿ."

ನಿನಗಾಗಿಯೇ ನಾನು ಹೇಳಿದ್ದು ಎನ್ನಲು ಹೊರಟವನಿಗೆ, ಅಲ್ಲ ಎಂದು ಹೊಳೆಯಿತು. ಸಿಟ್ಟೂ ಬಂತು. ತಪ್ಪೊಪ್ಪಿಕೊಂಡವನನ್ನು ಒಂದು ಗಳಿಗೆಯಾದರೂ ದೊಡ್ಡ ಮನುಷ್ಯ ಅಂದುಕೊಳ್ಳಬಾರದೇ ಇವಳು. ಅಂಗಳಕ್ಕೆ ಹೋಗಿ, ಸಿಗ್ನಲ್ ಸಿಗುವ ಹಲಸಿನ ಮರದ ಬುಡದಲ್ಲಿ ನಿಂತು ತೀರ್ಥಹಳ್ಳಿಯ ಗಣಪಯ್ಯನಿಗೆ ಫೋನು ಮಾಡಿದ. ಗಣಪಯ್ಯ ಈ ಎರಡು ಗುಂಡಿಯ ಯಂತ್ರ ಬಂದ ಮೊದಲ ವರ್ಷದಲ್ಲೇ ಎರಡನ್ನು ಕೊಂಡ ಹಳೆಯ ಗಿರಾಕಿ, ಎಲ್ಲ ಕಡೆ ಇವನನ್ನು ಹೊಗಳುವವನು. ಯಂತ್ರ ಹೇಗಿದೆ ಎಂದದ್ದಕ್ಕೆ ಬಂಗಾರದ ಹಾಗಿದೆ ಮಾರಾಯ್ರೆ ಎಂದ. ಎಡಗಡೆಯ ಬಟನ್ನಿಗೆ ಏನಾದರೂ ಕಟ್ಟಿದ್ದಾರಾ ನೋಡಿ ಎಂದ ದುರ್ಗೇಶ. ನೋಡುವುದೇನು ಬಂತು ಎಂದ ಗಣಪಯ್ಯ, ಒಂದಕ್ಕೆ ಸೀರೆಯ ಅಂಚು, ಇನ್ನೊಂದಕ್ಕೆ ಮರದ ಬೆಣೆ ಹೊಡೆದದ್ದು, ಮೊದಲ ದಿನದಿಂದಲೂ. "ನೀವು ಹಂಗೇ ಮಾಡ್ಲಿ ಅಂತ ಇಟ್ಟಿದ್ದು ಅಂತಿದ್ದೆ ನಾನು," ಎಂದು ನಕ್ಕ. ಆಗುಂಬೆ ಕಡೆಯ ಇನ್ನೊಬ್ಬರಿಗೆ ಮಾಡಿದ. ಅಲ್ಲಿ ಒಬ್ಬಳು ಬಲಗುಂಡಿ ಒತ್ತಿದರೆ ಇನ್ನೊಬ್ಬಳು ಎಡಗುಂಡಿ ಒತ್ತುತ್ತಾಳಂತೆ. ಮೂರನೆಯವರು ಫೋನು ಎತ್ತಲಿಲ್ಲ. ದುರ್ಗೇಶನಿಗೆ ತನ್ನ ಅರವತ್ತಮೂರು ಯಂತ್ರಗಳು ಮೂರು ತಾಲ್ಲೂಕಿನ ಶೆಡ್ಡುಗಳಲ್ಲಿ ಈ ಗಳಿಗೆಯಲ್ಲೂ ಏಳುತ್ತ ಇಳಿಯುತ್ತ ಇರುವುದು ಕೇಳಿಸತೊಡಗಿತು. ವರ್ಕ್‌ಶಾಪಿಗೆ ಫೋನು ಮಾಡಿ, ನಾಳೆ ಹೋಗಬೇಕಿದ್ದ ಮೂರು ಯಂತ್ರ ಕಳಿಸಬೇಡ ಎಂದು ಮಂಜಯ್ಯನಿಗೆ ಹೇಳಿದ. ಹಳೆಯ ಬಿಲ್ಲುಗಳನ್ನೆಲ್ಲ ತೆಗೆದಿಡು, ಎಲ್ಲರಿಗೂ ಹೇಳಬೇಕು, ನಿಲ್ಲಿಸಲು ಹೇಳಬೇಕು. ಏನಾಯಿತು ಸಾರ್ ಎಂದ ಮಂಜಯ್ಯನಿಗೆ, ಗುಂಡಿ ದೂರವಾಯಿತು ಎಂದ.

ಒಳಗೆ ಬಂದು ಸಂದೇಶನಿಂದ ಬಿಳಿಹಾಳೆ ಈಸಿಕೊಂಡು ಕೈಯಲ್ಲೇ ಬರೆದ. ಗುಂಡಿಗಳ ನಡುವಿನ ಅಂತರ ಇಲ್ಲಿನ ಯಾವ ಕೆಲಸಗಾರರಿಗೂ ಎಟುಕುವಂತಿಲ್ಲ, ಕಟ್ಟದೆ ಈ ಯಂತ್ರದಲ್ಲಿ ಕೆಲಸ ಮಾಡಲು ಸಾಧ್ಯವಿಲ್ಲ, ಇದು ಮಾಡಿದವನ ಲೋಪ, ಹತ್ತು ದಿನದೊಳಗೆ ನನ್ನ ಖರ್ಚಿನಲ್ಲೇ ಇಲ್ಲಿಗೇ ಬಂದು ಸರಿಪಡಿಸಿಕೊಡುತ್ತೇನೆ, ಅಲ್ಲಿಯವರೆಗೆ ಈ ಒಂದು ಯಂತ್ರವನ್ನು ಮಾತ್ರ ನಿಲ್ಲಿಸುವುದು. 'ಮಾತ್ರ' ಎಂಬುದರ ಕೆಳಗೆ ಎರಡು ಗೆರೆ ಎಳೆದ. ನಾಗರಾಜಪ್ಪ ಓದಿ, ಮತ್ತೆ ಓದಿ, ಇಷ್ಟೆಲ್ಲ ಯಾಕೆ ಮೈಮೇಲೆ ಎಳೆದುಕೊಳ್ಳುತ್ತೀರಿ ಎಂದು ಗೊಣಗಿದರು. ಕೊನೆಗೆ 'ಯಂತ್ರದ ಕೆಡುಕು' ಎಂಬಲ್ಲಿ ಬೆರಳಿಟ್ಟರು, ಮುಂದಿನ ಪುಟ ತೆರೆಯಿತು. ಒಂದು ಯಂತ್ರಕ್ಕೆ ಮಾತ್ರ ಮೊಹರು ಹಾಕಲು ಅಲ್ಲೊಂದು ಮನೆ ಇದ್ದದ್ದು ಅವರಿಗೂ ಅವತ್ತೇ ಗೊತ್ತಾದದ್ದು. ಸಂದೇಶ್ ಅವರನ್ನು ಬೈಕಿನಲ್ಲಿ ಹೊಸನ‌ಗರಕ್ಕೆ ಬಿಡಲು ಹೋದ. ಹೋಗುವ ಮೊದಲು ತಿರುಗಿ ದುರ್ಗೇಶನನ್ನು ನೋಡಿದ. ಅವನ ಮುಖದಲ್ಲಿದ್ದದ್ದು ಕೃತಜ್ಞತೆಯೋ, ಇದನ್ನು ಕೊಳ್ಳುವಾಗಲೇ ಹೇಳಬಾರದಿತ್ತೇ ಎಂಬ ಅಸಹ್ಯವೋ ಗೊತ್ತಾಗಲಿಲ್ಲ. ಎರಡನೆಯದೇ ಇರಬೇಕು.

ಕಾರಿನಿಂದ ಟೇಪು ತಂದ. ಹಾಜರಿ ಪುಸ್ತಕದ ಕೊನೆಯ ಪುಟದಲ್ಲಿ ಹೆಸರುಗಳನ್ನು ಬರೆದುಕೊಂಡ, ಹತ್ತು ಹೆಸರು, ಮೊಟ್ಟಮೊದಲ ಸಲ. ಮುಂದಕ್ಕೆ ಕೈಚಾಚಿ ನಿಲ್ಲಿ ಎಂದರೆ ಯಾರೂ ಬರಲೊಲ್ಲರು. ಎತ್ತರದವಳು ಬಂದಳು, ಅವಳ ಹಿಂದೆ ಇನ್ನೊಬ್ಬಳು. ಟೇಪಿನ ಒಂದು ತುದಿಯನ್ನು ಕೆರಿಯಮ್ಮನಿಗೆ ಹಿಡಿಯಲು ಕೊಟ್ಟ. ಅವಳು ಎಲ್ಲರದ್ದನ್ನೂ ಹಿಡಿದುಕೊಟ್ಟಳು, ತನ್ನ ಸರದಿ ಬಂದಾಗ ಹಿಂದೆ ಸರಿದಳು. "ನನ್ ಅಳತೆ ಇದುವರೆಗೆ ಯಾರೂ ತಗಂಡಿಲ್ಲ ತಮ್ಮ. ರವಿಕೆ ಹೊಲಿಯೋಳು ಸೈತ ಹಳೇ ರವಿಕೆ ನೋಡ್ಕಂಡೇ ಹೊಲಿತಾಳೆ," ಎಂದಳು. ಹೆಂಗಸರು ನಕ್ಕರು. ದುರ್ಗೇಶನಿಗೂ ನಗು ಬಂದಿತು, ಆದರೆ ಆ ನಗುವಿನಲ್ಲಿ ತನಗೆ ಪಾಲಿದೆಯೋ ಇಲ್ಲವೋ ಎಂದು ಅನುಮಾನವಾಗಿ ತಡೆದುಕೊಂಡ. ಅವಳ ಮುದಿ ಮೊಣಕೈಗಳು ಪೂರ್ತಿ ಬಿಚ್ಚಿಕೊಳ್ಳುವುದೇ ಇಲ್ಲವೆಂದು ಅಳೆಯುವಾಗ ತಿಳಿಯಿತು. ಅದನ್ನೂ ಬರೆದುಕೊಂಡ.

ಕೊನೆಯಲ್ಲಿ ಸುಚಿತ್ರಾ ಬಂದು ನಿಂತಳು. ಅಳೆಯುವುದು ಬೇಡ, ನಿನ್ನ ಕೈ ಪೂರ್ತಿ ವಾಸಿಯಾಗಲಿ ಎಂದ. ವಾಸಿಯಾದ ಮೇಲೆ ಇದೇ ಮಷೀನಿಗೆ ಬರುವವಳು ನಾನು, ಅಳೆಯಿರಿ ಎಂದಳು. ಎರಡೂ ಕೈ ಮುಂದಕ್ಕೆ ಚಾಚಿ ಅಗಲಿಸಿದಳು. ಕೆರಿಯಮ್ಮ ಬಲಗೈಯ ನಡುಬೆರಳಿನ ತುದಿಗೆ ಟೇಪು ಹಿಡಿದಳು. ದುರ್ಗೇಶ ಇನ್ನೊಂದು ತುದಿಯನ್ನು ಎಳೆಯುತ್ತ ಎಡಗೈಯವರೆಗೆ ಬಂದು ನಿಂತ. ಮಣಿಕಟ್ಟು ದಾಟಿದ, ಅಂಗೈ ದಾಟಿದ, ಬಿಳಿ ಬಟ್ಟೆಯ ಮೇಲೆ ಅವನ ಕೈ ತಡವರಿಸಿತು. ಇದ್ದಿದ್ದರೆ ಬೆರಳು ಎಲ್ಲಿಗೆ ಬರುತ್ತಿತ್ತೆಂದು ಅಂದಾಜು ಮಾಡಿ, ಗಾಳಿಯಲ್ಲಿ ಟೇಪನ್ನು ಇನ್ನೆರಡು ಅಂಗುಲ ಎಳೆದು ಹಿಡಿದ. ಸರಿಯೆನ್ನಿಸಲಿಲ್ಲ. ಹಿಂದಕ್ಕೆ ತಂದ. ತಲೆಯೆತ್ತದೆಯೇ, "ಎಲ್ಲಿ ತನಕ ಹಿಡೀಲಿ?" ಎಂದು ಕೇಳಿದ.

ಅವಳು ಕೈಯನ್ನು ಅಲುಗಿಸಲಿಲ್ಲ.

"ಈಗ ಎಲ್ಲಿ ತನಕ ಇದ್ಯೋ ಅಲ್ಲಿ ತನಕ," ಎಂದಳು.